ಪೆಟ್ಟಿಗೆಗೆ ಎಚ್ಚರ ಉಂಟಾ?

ನನ್ನ ತಮ್ಮನಿಗೆ ತನ್ನ ಮೂಗು ಮುಖದ ಮೇಲೇ ಇದೆ ಎನ್ನುವುದು ಕೂಡ ದಿನಾ ಬೆಳಿಗ್ಗೆ ಮುಟ್ಟಿ ನೋಡದೆ ಖಾತ್ರಿಯಾಗುವುದಿಲ್ಲ. ನನ್ನ ಮದುವೆಯಾದ ಮೇಲೆ ಹುಟ್ಟಿದವನು. ಎತ್ತಿ ಆಡಿಸಿದವಳು ನಾನೇ. ಆದ್ದರಿಂದ ಅವನ ಬಗ್ಗೆ ಏನು ಹೇಳಲಿಕ್ಕೂ ನನಗೆ ಹಕ್ಕುಂಟು.

ಕುಮಟೆಯ ಒಂದು ಸೊಸೈಟಿಯಲ್ಲಿ ಅವನು ಕಂಪ್ಯೂಟರ್ ನೋಡಿಕೊಳ್ಳುತ್ತಾನೆ. ನಾನು ಅಲ್ಲೇ ಕಸ ಗುಡಿಸಿ ಚಾ ಮಾಡುತ್ತೇನೆ. ಒಳಕೋಣೆಯಲ್ಲಿ ಚಪ್ಪಟೆಯಾದ ಒಂದು ಕರಿ ಪೆಟ್ಟಿಗೆ ಉಂಟು. ಸೆನ್ಸರ್ ಎನ್ನುತ್ತಾರೆ. ಕಂಪ್ಯೂಟರಿನ ತಂತಿಯ ದಾರಿಯಲ್ಲಿ ಕಳ್ಳರು ಬಂದರೆ ಅದು ಕೂಗಿ ಹೇಳಬೇಕಂತೆ. ಹೊನ್ನಾವರ, ಭಟ್ಕಳದ ಶಾಖೆಗಳಲ್ಲೂ ಅದರ ಅಣ್ಣತಮ್ಮಂದಿರಿದ್ದಾರೆ. ಇವನು ಬೆಳಿಗ್ಗೆ ಬಂದವನೇ ಚಾ ಕೋಣೆಯ ಕಡೆ ತಿರುಗಿ "ಅಕ್ಕಾ, ಇದ್ಯಾ?" ಎಂದು ಕೂಗುತ್ತಾನೆ. "ಇನ್ನೂ ಸತ್ತಿಲ್ಲ" ಎನ್ನುತ್ತೇನೆ. ಆಮೇಲೆ ಏನೋ ಒತ್ತಿ ಮೂರೂ ಪೆಟ್ಟಿಗೆಗಳನ್ನು ಅದನ್ನೇ ಕೇಳುತ್ತಾನೆ. ಹಸಿರು ಅಕ್ಷರದಲ್ಲಿ ಉತ್ತರ ಬರುತ್ತದೆ. ರಿಜಿಸ್ಟರಿನಲ್ಲಿ "ಇದೆ, ಇದೆ, ಇದೆ" ಎಂದು ಬರೆಯುತ್ತಾನೆ. ಅಷ್ಟಕ್ಕೆ ಮುಗಿಯಿತೇ? ಒಳಗೆ ಹೋಗಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ ನೋಡುತ್ತಾನೆ.

"ಬಿಸಿ ಉಂಟಾ?" ಎಂದು ಕೇಳುತ್ತೇನೆ.

"ಉಂಟು."

"ಹಾಗಾದ್ರೆ ಗಂಜಿ ಕೊಡು."

ಒಮ್ಮೆ ಪೆಟ್ಟಿಗೆ ಹದಿನೈದು ದಿನ ಕೂಗಲೇ ಇಲ್ಲ. ನಮಗೆಲ್ಲ ನೆಮ್ಮದಿ, ಇವನಿಗೆ ಅನ್ನ ಸೇರಲಿಲ್ಲ.

"ಕಳ್ಳ ಬರ್ಲಿಲ್ಲ, ಕೂಗ್ಲಿಲ್ಲ. ನಿಂಗೆಂತ ಸಂಕಟ?"

"ಅಕ್ಕಾ, ಕಳ್ಳ ಬರದೆ ಸುಮ್ನಿದ್ದದ್ದೋ, ಸತ್ತೇ ಸುಮ್ನಾದದ್ದೋ, ಹೆಂಗೆ ಗೊತ್ತಾಗ್ತದೆ?"

ಕೊನೆಗೆ ತಾನೇ ಸುಳ್ಳು ಕಳ್ಳನಾಗಿ ಹೊನ್ನಾವರದಿಂದ ತಂತಿಯಲ್ಲಿ ನುಗ್ಗಿದನಂತೆ. ಪೆಟ್ಟಿಗೆ ಕೂಗಿತು. ಅವನು ಊರಿಗೆಲ್ಲ ಪೇಡೆ ಹಂಚುವುದೊಂದು ಬಾಕಿ.

ಅದೇ ಹುರುಪಿನಲ್ಲಿ ಮನೆಯ ನಾಯಿಯನ್ನೂ ಪರೀಕ್ಷೆ ಮಾಡಿದ. ಮುಖಕ್ಕೆ ಪಂಚೆ ಸುತ್ತಿ, ಹಾಡಹಗಲಲ್ಲಿ, ತನ್ನ ಕಂಪೌಂಡನ್ನು ತಾನೇ ಹಾರಿದ. ನಾಯಿ ಬಾಲ ಅಲ್ಲಾಡಿಸಿತು. ಬಟ್ಟೆ ಒಣಗಿಸುತ್ತಿದ್ದ ಹೆಂಡತಿ ಮಾತ್ರ ಹಿಡಿಕಡ್ಡಿ ಪೊರಕೆ ತೆಗೆದುಕೊಂಡು ಎರಡು ಬಿಟ್ಟಳು. ಬೆನ್ನು ಉಜ್ಜಿಕೊಳ್ಳುತ್ತ ನನಗೆ ವರದಿ ಒಪ್ಪಿಸಿದ: "ನಾಯಿ ಕೆಟ್ಟದೆ ಅಕ್ಕಾ. ಹೆಂಡ್ತಿ ಚಾಲ್ತಿಯಲ್ಲಿದ್ದಾಳೆ."

ಇನ್ನು ನನ್ನ ಘನಕಾರ್ಯ. ಆಯುಧಪೂಜೆಗೆ ಇಟ್ಟ ಸಾಮಾನನ್ನು ಮರುದಿನದವರೆಗೆ ನಾವು ಕೆಲಸಕ್ಕೆ ಮುಟ್ಟುವುದಿಲ್ಲ. ಬಲೆ, ದೋಣಿ, ಮೀನು ಕೊಯ್ಯುವ ಕತ್ತಿ, ಎಲ್ಲಕ್ಕೂ ರಜೆ. ಆಫೀಸಿನ ಕಂಪ್ಯೂಟರುಗಳನ್ನೂ ಆರಿಸಿ ಕುಂಕುಮ ಹಚ್ಚಿದರು. ಎಲ್ಲರೂ ಹೋದ ಮೇಲೆ ನೋಡಿದರೆ ಒಳಕೋಣೆಯ ಪೆಟ್ಟಿಗೆ ಒಂದೇ ಗುಂಯ್ ಅನ್ನುತ್ತಿದೆ. ದುಡಿಯುವವರಿಗೆಲ್ಲ ರಜೆ ಇರುವಾಗ ಇದೊಂದು ಏನು ಪಾಪ ಮಾಡಿತು? ಪ್ಲಗ್ ಕಿತ್ತೆ. ಚೆಂಡುಹೂವಿನ ಮಾಲೆ ಹಾಕಿ ಕೈಮುಗಿದು, ಬಾಗಿಲು ಹಾಕಿ ಬಂದೆ.

ತಮ್ಮ ಹಬ್ಬಕ್ಕೆಂದು ತೆಂಗಿನಗುಂಡಿಯಲ್ಲಿ, ಮಾವನ ಮನೆಯಲ್ಲಿದ್ದ. ಹಬ್ಬವಾದರೇನು, ಮರುದಿನ ಮೊಬೈಲಿನಲ್ಲೇ ಮೂರನ್ನೂ ಕೇಳಿದ. ಎರಡು ಓಗೊಟ್ಟವು. ಕುಮಟೆಯದು ಸುಮ್ಮನೆ. ಎಲೆಯ ಮೇಲಿನ ಹೋಳಿಗೆ ಬಿಟ್ಟು ಬಸ್ಸು ಹಿಡಿದ. ಬಾಗಿಲು ತೆಗೆದುಕೊಟ್ಟವಳು ನಾನೇ.

"ಯಾರು ಆರ್ಸಿದ್ದು ಇದನ್ನ?"

"ನಾನು. ಅದೂ ಆಯುಧವೇ ಅಲ್ವನಾ?"

"ಕಾವಲಿಗೆ ರಜೆ ಇಲ್ಲ ಮಾರಾಯ್ತಿ."

"ಹಾಗಾದ್ರೆ ಪೂಜೆನೂ ಇಲ್ವಾ ಅದಕ್ಕೆ?"

ಅವನು ಪ್ಲಗ್ ಸಿಕ್ಕಿಸಿದ. ಪೆಟ್ಟಿಗೆ ಹಚ್ಚಿ, ಬಾಗಿಲಿನ ಚೀಟಿಯತ್ತ ಬೆರಳು ತೋರಿಸಿದ. ಅವನೇ ಬರೆದು ಸಾಹೇಬರ ಸಹಿ ಹಾಕಿಸಿ ಅಂಟಿಸಿದ್ದು. ಇದನ್ನು ಆರಿಸಿದವರಿಗೆ ಮರುದಿನದಿಂದ ಕೆಲಸವಿಲ್ಲ ಎಂದಿತ್ತು ಅದರಲ್ಲಿ.

ಕೆಲಸ ಹೋದರೆ ಮತ್ತೆ ಮೀನುಬುಟ್ಟಿ ಹೊರಬೇಕು; ಮಂಡಿ ಕೇಳುವುದಿಲ್ಲ. ಆಫೀಸು ತೆರೆದ ದಿನ ಸಾಹೇಬರು ಅವನನ್ನು ಒಳಗೆ ಕರೆದರು. ನಾನು ಹೊರಗೆ ಒಂದೇ ಗ್ಲಾಸನ್ನು ನಾಲ್ಕು ಸಲ ತೊಳೆದೆ. ಅವನು ಹೊರಗೆ ಬಂದು ಕುರ್ಚಿಯಲ್ಲಿ ಕೂತ. ನನ್ನನ್ನು ಯಾರೂ ಕರೆಯಲಿಲ್ಲ. ಸಾಹೇಬರಿಗೆ ಮರೆತಿರಬೇಕೆಂದು ನಾನೂ ಸುಮ್ಮನಾದೆ. ಆ ವರ್ಷ ಅವನಿಗೆ ಬರಬೇಕಾದ ಬಡ್ತಿ ಬೇರೆಯವನಿಗೆ ಹೋಯಿತು. ಇಂಥ ತಿಕ್ಕಲನಿಗೆ ಯಾರು ಕೊಡುತ್ತಾರೆ ಎಂದು ಬೈದೂ ಬಿಟ್ಟೆ.

ಮೊನ್ನೆ ಧೂಳು ಒರೆಸುವಾಗ ಅವನ ರಿಜಿಸ್ಟರು ಕೈಗೆ ಬಂತು. ಅಕ್ಷರ ಕೂಡಿಸಿ ಓದಲು ನನಗೆ ಹೊತ್ತು ಬೇಕು. ಪುಟ ತುಂಬ ಇದೆ, ಇದೆ, ಇದೆ. ಹಬ್ಬದ ಮರುದಿನದ ಸಾಲಿನಲ್ಲಿ ಮಾತ್ರ: "ಕುಮಟಾ ಇಲ್ಲ. ಆರಿಸಿದವನು ನಾನು." ಕೆಳಗೆ ಸಹಿ. ಅವನು ಕಾಯಂ ನೌಕರ. ಕೆಲಸದಿಂದ ತೆಗೆಯಲಾಗದೆ ಬಡ್ತಿ ತಪ್ಪಿಸಿದ್ದಾರೆ. ಕಣ್ಣಿಂದ ನೋಡದೆ ಒಂದು "ಇದೆ" ಕೂಡ ಬರೆಯದವನು ಇಡೀ ರಿಜಿಸ್ಟರಿನಲ್ಲಿ ಬರೆದ ಸುಳ್ಳು ಇದೊಂದೇ.

ಮರುದಿನ ಬೆಳಿಗ್ಗೆ ಎಂದಿನಂತೆ ಕೂಗಿದ. "ಅಕ್ಕಾ, ಇದ್ಯಾ?"

"ಇದ್ದೇನೆ, ತಮಾ" ಎಂದೆ.

ಅವನಿಗೆ ಅನುಮಾನ ಬಂತು. ಪೆಟ್ಟಿಗೆಯನ್ನು ಬಿಟ್ಟು ಸೀದಾ ಚಾ ಕೋಣೆಗೆ ಬಂದು ನನ್ನ ಹಣೆಯ ಮೇಲೆ ಅಂಗೈ ಇಟ್ಟ.

"ಬಿಸಿ ಉಂಟಾ?" ಎಂದು ಕೇಳಿದೆ.

"ಉಂಟು" ಎಂದ.