ಸೋಫಾದ ಕೆಳಗಿನ ಬಾವಿ

ಚನ್ನಮಲ್ಲಮ್ಮನನ್ನು ಆ ಒಂದು ಮಾತು ಕೇಳದೇ ಇದ್ದಿದ್ದರೆ ಪ್ರಭುದೇವನ ಮನೆ ಇವತ್ತಿಗೂ ಮನೆಯಾಗಿಯೇ ಇರುತ್ತಿತ್ತು.

ಕೇಳಿದ್ದು ದೊಡ್ಡ ಮಾತೇನಲ್ಲ. ಭಾನುವಾರ ಬೆಳಿಗ್ಗೆ, ಬೀದಿಯ ಕೊನೆಯ ಮನೆಯ ಮುದುಕಿ ಚನ್ನಮಲ್ಲಮ್ಮ ದಿನದಂತೆ ಅವನ ಜಗಲಿಗೆ ಬಂದು ಎಲೆಅಡಿಕೆ ಕುಟ್ಟುತ್ತಾ ಕೂತಿದ್ದಳು. ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವೆಂದು ಪ್ರಭುದೇವ, "ನಿಮ್ಮ ಕಾಲದಲ್ಲಿ ಕರೆಂಟೇ ಇರಲಿಲ್ವಲ್ಲ ಅಜ್ಜಿ, ನೀರಿಗೆ ಏನ್ ಮಾಡ್ತಿದ್ರಿ?" ಎಂದ.

"ಏನ್ ಮಾಡೋದು, ಬಾವಿ ಇತ್ತು, ಸೇದ್ಕಂತಿದ್ವಿ. ನಾನು ಸೊಸೆಯಾಗಿ ಬಂದ ಮನೆ ಇದೇ ಜಾಗ್ದಾಗಿತ್ತು. ಬಾಗ್ಲಾಗೆ ಒಳಗ್ ಬಂದ್ರೆ ಬಲಗಡೀಕೆ ಬಾವಿ. ಊರಿಗೆ ನಲ್ಲಿ ಬಂದ್ಮ್ಯಾಲೆ ನಮ್ಮ ಮಾವ ಚಪ್ಪಡಿ ಎಳ್ಸಿ ಮಣ್ಣು ಮುಚ್ಸಿದ್ರು." ಮುದುಕಿ ಕಿಟಕಿಯೊಳಗೆ ಇಣುಕಿ ನೋಡಿದಳು. "ಈಗ ನಿನ್ ಸೋಫಾ ಐತಲ್ಲ, ಅದ್ರ ಕೆಳ್ಗೇ ಕಣಪ್ಪ."

ಈ ಮಾತು ಬೇರೆ ಯಾವ ಕಾಲದಲ್ಲಾದರೂ ಜಗಲಿಯಲ್ಲೇ ಸತ್ತುಹೋಗುತ್ತಿತ್ತು. ಆದರೆ ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಂಡ ಫ್ಯಾನು ಮರುದಿನ ನಿಂತದ್ದು ಮತ್ತೆ ತಿರುಗಿರಲಿಲ್ಲ. ಶಿರಾದಲ್ಲಿ ಮಾತ್ರ ಕರೆಂಟು ಹೋಗಿದ್ದರೆ ಲೈನ್‌ಮನ್‌ಗೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಹೋದದ್ದು ಇಡೀ ದೇಶಕ್ಕೆ. ಯಾರಿಗೆ ಬೈಯಬೇಕೆಂದು ತಿಳಿಯದೆ ಜನ ಸೊರಗಿದ್ದರು. ಲಾರಿ ಬಸ್ಸು ಓಡಾಡದೆ ಬರಿದಾದ ಪುಣೆ ಹೆದ್ದಾರಿಯ ಮೇಲೆ ಕಡಲೆಕಾಯಿ ಒಣಹಾಕಿದ್ದರು. ಪಾವಗಡದ ಕಡೆಗೆ ಹೋಗಿಬಂದವರು, ಕ್ಯಾತಗಾನಚೆರ್ಲಿನ ಸುತ್ತ ಸೋಲಾರ್ ಹಲಗೆಗಳು ಕಣ್ಣು ಹಾಯುವವರೆಗೂ ಬಿಸಿಲು ಕಾಯಿಸಿಕೊಂಡು ಬಿದ್ದಿವೆ, ಕರೆಂಟು ಹೊತ್ತೊಯ್ಯುವ ತಂತಿಯೇ ಸತ್ತಮೇಲೆ ಅವು ಪಾಪ ಏನು ಮಾಡುತ್ತವೆ ಎಂದು ಅವುಗಳ ಮೇಲೆ ಕನಿಕರ ತೋರಿಸುತ್ತಿದ್ದರು. ಕಚೇರಿಯಲ್ಲಿ ಕಂಪ್ಯೂಟರ್ ಒತ್ತುವುದೇ ಕೆಲಸವಾಗಿದ್ದ ಪ್ರಭುದೇವ ದಿನಾ ಹೋಗಿ, ಕಪ್ಪು ಪರದೆಯಲ್ಲಿ ಮುಖ ನೋಡಿಕೊಂಡು, ತಲೆ ಬಾಚಿಕೊಂಡು ವಾಪಸು ಬರುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಕಷ್ಟ ನೀರಿನದು. ಬೋರ್‌ವೆಲ್ಲುಗಳೆಲ್ಲ ಮೂಕವಾಗಿದ್ದವು. ಬೀದಿಗಿದ್ದ ಒಂದೇ ಕೈಪಂಪು ಹಗಲೂ ರಾತ್ರಿ ದುಡಿದು ಹಿಂದಿನ ದಿನ ಹಿಡಿ ಮುರಿದುಕೊಂಡಿತ್ತು. ಇನ್ನು ದೊಡ್ಡ ಕೆರೆಯೇ ಗತಿ. ಅದೋ, ತಂದ ನೀರನ್ನು ತರುವವರೇ ದಾರಿಯಲ್ಲಿ ಕುಡಿದು ಮುಗಿಸಬೇಕಾದಷ್ಟು ದೂರ.

ಹೀಗಿರುವಾಗ ಮುದುಕಿಯ ಮಾತು ಎದುರುಮನೆಯ ದೊಡ್ಡಹನುಮಯ್ಯನವರ ಕಿವಿಗೆ ಬಿತ್ತು. ಅವರು ನಿವೃತ್ತ ಡ್ರಿಲ್ ಮೇಷ್ಟ್ರು. ಮೇಷ್ಟ್ರು ನಿವೃತ್ತರಾಗಿದ್ದರೂ ಅವರ ಕೊರಳಲ್ಲಿದ್ದ ಸೀಟಿ ನಿವೃತ್ತಿಯಾಗಿರಲಿಲ್ಲ. ಬಾಯಲ್ಲಿದ್ದ ಬೇವಿನಕಡ್ಡಿ ಉಗಿದು ಸೀಟಿ ಕಚ್ಚಿಕೊಂಡರು. ಅದರ ಸದ್ದಿಗೆ ಬೀದಿಯ ಬಾಗಿಲುಗಳೆಲ್ಲ ತೆರೆದವು.

"ಪ್ರಭು, ನಿನ್ ಹಾಲಿನಾಗೆ ಬಾವಿ ಐತಂತೆ," ಎಂದರು ಮೇಷ್ಟ್ರು, ಅವನೇ ಅದನ್ನು ಕದ್ದು ಬಚ್ಚಿಟ್ಟಿದ್ದಾನೆಂಬಂತೆ.

"ಅಜ್ಜಿಗೆ ವಯಸ್ಸಾಗಿದೆ ಮೇಷ್ಟ್ರೇ. ಎಲ್ಲಿ ಏನಿತ್ತು ಅಂತ ಸರಿಯಾಗಿ—"

"ವಯಸ್ಸಾಗಿರೋದು ನಂಗೆ, ಬಾವಿಗಲ್ಲ," ಎಂದು ಚನ್ನಮಲ್ಲಮ್ಮ ಕುಟ್ಟಾಣಿಯನ್ನು ಜಗಲಿಗೆ ಕುಕ್ಕಿದಳು.

ಪಕ್ಕದ ಮನೆಯ ಮುಕ್ತಾರ್ ಅಷ್ಟರಲ್ಲಿ ಹಾರೆ ಹೆಗಲಿಗೇರಿಸಿ ಬಂದಿದ್ದ. ಅವನದು ವೆಲ್ಡಿಂಗ್ ಅಂಗಡಿ. ಕೆಲಸವಿಲ್ಲದೆ ಕೂತು ಕೂತು ಅವನ ತೋಳುಗಳು ತುರಿಸುತ್ತಿದ್ದವು. ಬಾಣಂತನಕ್ಕೆಂದು ಬಂದ ಮಗಳು ಶಾಜಿಯಾ ಹಸುಗೂಸಿನೊಂದಿಗೆ ಮನೆಯಲ್ಲಿದ್ದಳು.

"ಸಾರ್, ಬಚ್ಚಾಗೆ ನೀರು ಹಾಕಿ ಎಷ್ಟು ದಿವ್ಸ ಆಯ್ತು ಗೊತ್ತಾ? ಒದ್ದೆ ಬಟ್ಟೇಲಿ ಒರೆಸ್ತಾ ಇದ್ದೀವಿ," ಎಂದ ಮುಕ್ತಾರ್. ಅವನ ದನಿಯಲ್ಲಿ ಬೇಡಿಕೆಯಿತ್ತು. ಹಾರೆ ಮಾತ್ರ ಆಗಲೇ ಹೊಸಿಲು ದಾಟಿತ್ತು.

ಪ್ರಭುದೇವ ಹಾರೆಯ ಮೊನೆಯನ್ನೂ ನೆಲವನ್ನೂ ನೋಡಿದ. ಹಾಲಿನಲ್ಲಿದ್ದದ್ದು ಗುಜರಾತಿನಿಂದ ತರಿಸಿದ ಟೈಲ್ಸು. ಅದರ ಮೇಲೆ ಬಂದ ನೆಂಟರು ಚಪ್ಪಲಿ ಬಿಡುವುದಿರಲಿ, ಕಾಲನ್ನೂ ಹೊರಗೇ ಬಿಟ್ಟು ಬಂದರೆ ಒಳ್ಳೆಯದೆಂದು ಅವನಿಗೆ ಅನಿಸುತ್ತಿತ್ತು. "ಇದಕ್ಕೆಲ್ಲ ಪರ್ಮಿಶನ್ ಬೇಕಾಗುತ್ತೆ," ಎಂದು ಬಾಗಿಲಿಗೆ ಅಡ್ಡ ನಿಂತ. "ಇಂಜಿನಿಯರ್ ಬಂದು ನೋಡ್ಬೇಕು. ಮನೇಲಿ ಹೆಂಗಸರು ಏನಂತಾರೋ—"

ಮನೆಯ ಹೆಂಗಸು, ಅಂದರೆ ಅವನ ಹೆಂಡತಿ ಜಗದಾಂಬ, ಒಳಗೆ ಸೋಫಾದ ಒಂದು ತುದಿಯನ್ನು ಎತ್ತಿ ಹಿಡಿದು ನಿಂತಿದ್ದಳು. ಪಂಪಿನಿಂದ ಮನೆಗೆ ನೀರು ಹೊತ್ತು ಅವಳ ಸೊಂಟ ಒಂದು ಕಡೆಗೆ ವಾಲಿತ್ತು.

"ಏನ್ ನೋಡ್ತಾ ನಿಂತ್ರಿ? ಆ ಕಡೆ ಹಿಡ್ಕೊಳಿ," ಎಂದಳು.

ಅವನು ಹಿಡಿದುಕೊಂಡ.

ಸೋಫಾ ಬೀದಿಗೆ ಬಂತು. ಅದರ ಹಿಂದೆ ಟೀಪಾಯಿ ಬಂತು, ಷೋಕೇಸು ಬಂತು, ಗೋಡೆಯಗಲದ ಟೀವಿ ಬಂತು. ಟೀವಿಯನ್ನು ಜಗಲಿಗೆ ಒರಗಿಸಿದ ಕೂಡಲೇ ಯಾರೋ ಅದರ ಮೇಲೆ ಟವೆಲು ಹರವಿದರು. ಸೋಫಾದಲ್ಲಿ ಬೀದಿಯ ಹಿರಿಯರು ಕೂತು, ಇಷ್ಟು ಮೆತ್ತಗಿದ್ದರೆ ಬೆನ್ನಿಗೆ ಒಳ್ಳೆಯದಲ್ಲವೆಂದು ತೀರ್ಮಾನಿಸಿದರು. ಒಳಗೆ ಮುಕ್ತಾರ್ "ಬಿಸ್ಮಿಲ್ಲಾ" ಎಂದು ಮೊದಲ ಏಟು ಹಾಕಿದ. ಟೈಲ್ಸು ಹಪ್ಪಳದಂತೆ ಮುರಿಯಿತು. ಪ್ರಭುದೇವ ಕಣ್ಣು ಮುಚ್ಚಿಕೊಂಡ.

ದೊಡ್ಡಹನುಮಯ್ಯನವರು ಸೀಟಿ ಊದಿದಂತೆಲ್ಲ ಅಗೆಯುವವರು ಬದಲಾಗುತ್ತಿದ್ದರು. ಗುಂಡಿ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಬಾವಿ ಬರಲಿಲ್ಲ. ಬಿಸಿಲೇರಿದಾಗ ಇದ್ದಕ್ಕಿದ್ದಂತೆ ಕೆಳಗಿನಿಂದ ಬುಳುಬುಳು ಸದ್ದು ಕೇಳಿಸಿತು. ಹೊರಗಿದ್ದ ಹೆಂಗಸರು ಬಿಂದಿಗೆ ಹಿಡಿದು ಒಳಕ್ಕೆ ನುಗ್ಗಿದರು. ಮುಕ್ತಾರ್ ಬೊಗಸೆಯಲ್ಲಿ ತೆಗೆದು ಮೂಸಿ ನೋಡಿದ.

"ಅದು ನಮ್ಮ ಬಚ್ಚಲ ಪೈಪು," ಎಂದ ಪ್ರಭುದೇವ. "ಒಡೆದುಹಾಕಿದ್ರಿ."

ಹೆಂಗಸರು ಬಂದಷ್ಟೇ ಬೇಗ ಹಿಂದೆ ಸರಿದರು. ಮೇಷ್ಟ್ರು ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟರು. ಕೊನೆಗೆ ಅಜ್ಜಿಯನ್ನೇ ಒಳಗೆ ಕರೆತಂದು ತೋರಿಸಬೇಕೆಂದಾಯಿತು. ಮಂಡಿನೋವಿನ ಚನ್ನಮಲ್ಲಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದು ಗುಂಡಿಯ ಅಂಚಿನಲ್ಲಿ ಇಳಿಸಿದರು. ಅವಳು ಅತ್ತ ನೋಡಿದಳು, ಇತ್ತ ನೋಡಿದಳು.

"ಅಲ್ಲಪ್ಪಾ, ಬಾಗ್ಲು ಯಾಕ್ ಈ ಕಡೀಕಿಟ್ಟಿದ್ದೀಯ?"

"ವಾಸ್ತು ಅಜ್ಜಿ. ಉತ್ತರಕ್ಕೆ ಬಾಗಿಲಿದ್ರೆ ಬಡ್ತಿ ಬರುತ್ತೆ ಅಂತ—"

"ನಮ್ಮ ಬಾಗ್ಲು ಹಿಂದ್ಗಡೆ ಓಣೀಗಿತ್ತು. ಅತ್ಲಾಗಿಂದ ಒಳಗ್ ಬಂದು ಬಲಕ್ಕೆ ತಿರುಗ್ಬೇಕು. ಇದ್ಯಾಕ್ ತೋಡಿದ್ರಿ?"

ಕುರ್ಚಿ ಮತ್ತೆ ಮೇಲೆದ್ದಿತು. ಮನೆ ಸುತ್ತಿ ಹಿಂದಿನ ಓಣಿಗೆ ಹೋಯಿತು. ಅಲ್ಲಿ ಗೋಡೆಯ ಮುಂದೆ ಕೂತು ಮುದುಕಿ ಕಣ್ಣು ಮುಚ್ಚಿ, ಇಲ್ಲದ ಹೊಸಿಲಿಗೆ ಕೈ ಮುಟ್ಟಿಸಿ ನಮಸ್ಕಾರ ಮಾಡಿ, ಬಲಕ್ಕೆ ಬೆರಳು ಚಾಚಿದಳು. ಆ ಬೆರಳಿನ ನೇರಕ್ಕೆ ಗೋಡೆಯ ಆಚೆ ಇದ್ದದ್ದು ಪ್ರಭುದೇವನ ಮಲಗುವ ಕೋಣೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅವನ ಮದುವೆಯ ಮಂಚ.

"ಬೇಡ ಕಣೋ ಮುಕ್ತಾರ್," ಎಂದ ಪ್ರಭುದೇವ. "ಇನ್ನೊಂದು ಸಲ ಯೋಚನೆ ಮಾಡೋಣ."

"ಸಾರ್, ಹಾಲು ಹೆಂಗೂ ಹೋಗಿದೆ," ಎಂದು ಮುಕ್ತಾರ್ ಅವನ ಬೆನ್ನು ಸವರಿದ. "ಒಂದು ರೂಮಿಗೋಸ್ಕರ ಇಷ್ಟು ಮಾಡಿದ್ದೆಲ್ಲ ಬರ್ಬಾದ್ ಮಾಡ್ಕೋತೀರಾ?"

ಇದರಲ್ಲಿ ಎಲ್ಲೋ ತಪ್ಪಿದೆಯೆಂದು ಪ್ರಭುದೇವನಿಗೆ ಅನಿಸಿತು. ಎಲ್ಲಿ ಎಂದು ಹುಡುಕುವಷ್ಟರಲ್ಲಿ ಮಂಚ ಬೀದಿಗೆ ಹೋಗಿತ್ತು.

ಈ ಸಲ ತಡವಾಗಲಿಲ್ಲ. ಮಣ್ಣು ತೆಗೆದಂತೆ ಹಾರೆ ಠಣ್ಣೆಂದಿತು. ಚಪ್ಪಡಿ. ಅದರ ಪಕ್ಕದಲ್ಲಿ ಇನ್ನೊಂದು. ಹಾರೆ ತೂರಿಸಿ ಮೀಟಿ, ಉಸಿರು ಕಟ್ಟಿ ಒಂದನ್ನು ಸರಿಸಿದಾಗ ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು.  ಮೇಷ್ಟ್ರು ಒಂದು ಕಲ್ಲು ಹಾಕಿದರು. ಬುಳುಕ್ ಎಂದಿತು.

ಹಗ್ಗವಿರಲಿಲ್ಲ. ಗೋಡೆಗೆ ಹೊಡೆದಿದ್ದ ಕೇಬಲ್ ಟೀವಿ ವೈರನ್ನು ಮುಕ್ತಾರ್ ತಾರಸಿಯಿಂದ ಹಿಡಿದೆಳೆದು, ಮಡಿಸಿ ಹೊಸೆದು, ಬಕೆಟ್ಟಿಗೆ ಕಟ್ಟಿದ. ಮೊದಲ ನೀರು ಕಸಕಡ್ಡಿಯೊಂದಿಗೆ ಬಂತು. ಸೇದಿ ಚೆಲ್ಲಿ, ಸೇದಿ ಚೆಲ್ಲಿ, ಕೊನೆಗೆ ತಿಳಿಯಾದದ್ದನ್ನು ಚನ್ನಮಲ್ಲಮ್ಮನ ಕೈಗೆ ಹುಯ್ದರು. ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಹಾಗೆಯೇ ಕಣ್ಣನ್ನೂ ಒರೆಸಿಕೊಂಡಳು.

"ಅದೇ ನೀರು ಕಣ್ರಪ್ಪ," ಎಂದಳು.

ಮುಂದಿನ ಬಕೆಟ್ಟು ಶಾಜಿಯಾಳ ಕೂಸಿಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಮನೆಯಿಂದ ಅದರ ಕಿರುಚಾಟ ಕೇಳಿಸಿತು. ನೀರೆಂದರೇನೆಂದೇ ಮರೆತಿದ್ದ ಕೂಸು ಬೀದಿಯೆಲ್ಲ ಕೇಳುವಂತೆ ದೂರು ಹೇಳುತ್ತಿತ್ತು. ಜನ ನಕ್ಕರು. ಜಗದಾಂಬಳೂ ನಕ್ಕಳು. ಅವಳು ನಕ್ಕದ್ದನ್ನು ಪ್ರಭುದೇವ ನೋಡಿ ಎಷ್ಟೋ ದಿನವಾಗಿತ್ತು.  ಬೆವರು, ಮಣ್ಣು, ಒಡೆದ ಟೈಲ್ಸು ಎಲ್ಲ ಮರೆತು, ಕಲ್ಲಿನ ಮೇಲೆ ನಿಂತು ಎದೆತುಂಬಿ ಹೇಳಿದ:

"ಎಲ್ಲರೂ ತುಂಬ್ಕೊಳ್ಳಿ. ನಮ್ಮನೇದು ಕೊನೇಲಿ."

ದೊಡ್ಡಹನುಮಯ್ಯನವರು ಅವನ ಕೈ ಹಿಡಿದು ಕುಲುಕಿದರು. ಆಮೇಲೆ ಕೆಲಸಕ್ಕೆ ಇಳಿದರು. ಅಷ್ಟು ಜನ ಹಾಲಿನ ಗುಂಡಿ ದಾಟಿ ಕೋಣೆಗೆ ಬರುವುದು ಅಪಾಯವೆಂದು ಕೋಣೆಯ ಹಿಂಗೋಡೆ ಒಡೆಸಿ ಓಣಿಗೆ ದಾರಿ ಮಾಡಿದರು. ಸಾಲು ಹಾಕಿಸಿದರು. ಸಾಲು ತಪ್ಪಿದವರಿಗೆ ಸೀಟಿ. ನೀರು ಬಂದ ಸುದ್ದಿಗೆ ಫೋನೂ ಬೇಕಾಗಲಿಲ್ಲ, ಪೇಪರೂ ಬೇಕಾಗಲಿಲ್ಲ. ಪಕ್ಕದ ಬೀದಿಯವರು ಬಂದರು, ಮಸೀದಿ ಕಡೆಯವರು ಬಂದರು, ಪೇಟೆಯವರು ಬಂದರು.

ಬಿಸಿಲು ಇಳಿಯುವ ಹೊತ್ತಿಗೆ ಪ್ರಭುದೇವನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಬಿಂದಿಗೆ ಹಿಡಿದು, ತನ್ನದೇ ಮನೆಯ ಹಾಲಿನ ಮೂಲಕ, ತನ್ನದೇ ಕೋಣೆಯ ಬಾಗಿಲಿಗೆ ಹೋದ. ಅಲ್ಲಿ ಕಾವಲಿಗೆ ನಿಂತಿದ್ದವನು ಪರವೂರಿನವನು.

"ಇಲ್ಲಿಂದ ದಾರಿ ಇಲ್ಲ. ಸಾಲಿನಾಗ್ ಬರ್ರಿ."

ಜಗಳವೇಕೆಂದು ಪ್ರಭುದೇವ ಹೊರಗೆ ಬಂದು ಸಾಲಿನ ತುದಿ ಹುಡುಕಿಕೊಂಡು ಹೊರಟ. ತುದಿ ಹೆದ್ದಾರಿಯ ಹತ್ತಿರ ಸಿಕ್ಕಿತು. ಅವನ ಮುಂದೆ ಗೌಡಗೆರೆಯಿಂದ ಗಾಡಿ ಕಟ್ಟಿಕೊಂಡು ಬಂದ ರಂಗಸ್ವಾಮಿ ಎಂಬ ಮಾತುಗಾರ ನಿಂತಿದ್ದ.

"ಆ ಮನೆಯಪ್ಪ ದೊಡ್ಡ ಮನುಷ್ಯ ಕಣ್ರೀ," ಎಂದ ರಂಗಸ್ವಾಮಿ. "ತಾನೇ ಮುಂದೆ ನಿಂತು ಮನೆ ಒಡೆಸ್ಬುಟ್ನಂತೆ. ಬ್ಯಾಡ ಅಂತ ಬೀದಿಯೋರೆಲ್ಲ ಕಾಲಿಗ್ ಬಿದ್ರೂ ಕೇಳ್ಲಿಲ್ವಂತೆ."

"ಹಂಗಂತಾರಾ?" ಎಂದ ಪ್ರಭುದೇವ.

"ಊರು ಪೂರಾ ಕುಡಿಯೋಗಂಟ ಒಂದು ಹನೀನೂ ಮುಟ್ಟಲ್ಲ ಅಂತ ವ್ರತ ಹಿಡಿದವ್ನಂತೆ. ಸೀಟಿ ಮೇಷ್ಟ್ರು ಸಾಲಿಗೆಲ್ಲ ಕೂಗಿ ಹೇಳ್ತಾವ್ರೆ. ಅದಕ್ಕೇ ನೋಡ್ರಿ, ಒಬ್ಬರೂ ನೂಕ್ತಾ ಇಲ್ಲ."

ಸಾಲು ಸರಿಯಿತು. ಕೊನೆಗೂ ಒಡೆದ ಗೋಡೆ ಬಂತು. ಒಳಗೆ ಜಗದಾಂಬ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರು ಸೇದಿ ಕೊಡುತ್ತಿದ್ದಳು. ಪ್ರಭುದೇವ ಬಿಂದಿಗೆ ಮುಂದೆ ಹಿಡಿದ. ಅವಳು ತಲೆಯೆತ್ತಿ ನೋಡಿ ಕೈ ನಿಲ್ಲಿಸಿದಳು.

"ನೀವ್ಯಾಕೆ ಬಂದ್ರಿ ಈಗ?" ಎಂದು ಮೆಲ್ಲಗೆ ಕೇಳಿದಳು. "ನಂಗೂ ಒಂದು ಗುಟುಕು ಕುಡಿಯೋಕೆ ಬಿಡ್ತಿಲ್ಲ ಮೇಷ್ಟ್ರು. ನಮ್ಮನೇದು ಕೊನೇಲಿ ಅಂತ ನನ್ನೂ ಸೇರಿಸಿ ಹೇಳಿದ್ರಲ್ಲ."

ಮೇಷ್ಟ್ರ ಸೀಟಿ ಉದ್ದಕ್ಕೆ ಕೂಗಿತು. "ಎಲ್ರೂ ನೋಡ್ಕಳಿ, ಇವ್ರೇ ನಮ್ಮ ಪ್ರಭುದೇವ. ಕೊನೇಲಿ ನಿಂತಿರೋರು ಎಷ್ಟು ಜನ ಅವ್ರೆ ಅಂತ ಖುದ್ದಾಗಿ ಎಣಿಸ್ಕಂಡು ಬಂದವ್ರೆ."

ಸಾಲಿನಲ್ಲಿದ್ದವರು ಬಿಂದಿಗೆ ಕೆಳಗಿಟ್ಟು ಕೈ ಮುಗಿದರು. ರಂಗಸ್ವಾಮಿ ತುಂಬಿದ ಕೊಡ ಬಿಟ್ಟು ಓಡಿಬಂದು ಅವನ ಕಾಲು ಮುಟ್ಟಿದ. ಪ್ರಭುದೇವ ಮುಂದೆ ಹಿಡಿದಿದ್ದ ಖಾಲಿ ಬಿಂದಿಗೆಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ. 

ಅಷ್ಟರಲ್ಲಿ ಶಾಜಿಯಾ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಕಂಕುಳಲ್ಲಿ ಸ್ನಾನವಾಗಿ ಕೆಂಪಗೆ ಹೊಳೆಯುವ ಕೂಸು, ಕೈಯಲ್ಲಿ ಸ್ಟೀಲ್ ಲೋಟದ ತುಂಬ ನೀರು. "ಅಂಕಲ್, ನಮ್ಮ ಪಾಲಿಂದು. ಕುಡೀರಿ," ಎಂದಳು.

ಲೋಟದ ಹೊರಮೈಯಲ್ಲಿ ಹನಿಗಳು ಮೂಡಿದ್ದವು. ಪ್ರಭುದೇವ ಲೋಟ ತೆಗೆದುಕೊಂಡ. ಬಾಯಿಗೆ ಒಯ್ಯಬೇಕೆನ್ನುವಾಗ, ಓಣಿಯ ಆ ತುದಿಯವರೆಗೂ ಸಾಲು ಉಸಿರು ಬಿಗಿಹಿಡಿದು ತನ್ನನ್ನೇ ನೋಡುತ್ತಿರುವುದು ಕಾಣಿಸಿತು. ಮುದುಕರು, ಬಸುರಿಯರು, ಹೆದ್ದಾರಿ ದಾಟಿ ನಡೆದು ಬಂದವರು. ಅವನ ಕೈ ಅಲ್ಲೇ ನಿಂತಿತು.

"ಎಲ್ಲರದ್ದೂ ಆಗಲಿ ಕಣಮ್ಮ," ಎಂದ. ಆ ಮಾತು ತನ್ನ ಬಾಯಿಂದಲೇ ಬಂದದ್ದೆಂದು ಅವನಿಗೆ ಚಪ್ಪಾಳೆ ಬಿದ್ದಮೇಲೆ ತಿಳಿಯಿತು.

"ಇಂಥೋರು ಮುಟ್ಟಿದ ನೀರು ಎಲ್ಲಿ ಸಿಕ್ತೈತೆ," ಎಂದು ರಂಗಸ್ವಾಮಿ ಲೋಟವನ್ನು ಎರಡೂ ಕೈಯಲ್ಲಿ ಭಕ್ತಿಯಿಂದ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಒಂದೇ ಗುಟುಕಿಗೆ ಕುಡಿದುಬಿಟ್ಟ.

ಹೆದ್ದಾರಿಯ ಕಡೆಯಿಂದ ಎತ್ತಿನ ಗಂಟೆಗಳ ಸದ್ದು ಬರುತ್ತಿತ್ತು. ಮಧುಗಿರಿ ಕಡೆಯ ಗಾಡಿಗಳು ಡ್ರಮ್ಮು ಹೇರಿಕೊಂಡು ಬಂದಿದ್ದವು. ಪ್ರಭುದೇವ ಖಾಲಿ ಬಿಂದಿಗೆಯನ್ನು ಹೆಗಲಿಗೇರಿಸಿ, ಕೈಮುಗಿದವರಿಗೆಲ್ಲ ತಾನೂ ಕೈಮುಗಿಯುತ್ತಾ, ಆ ಗಾಡಿಗಳ ಹಿಂದೆ ನಿಲ್ಲಲು ಹೊರಟ.