ಗೋಡೆಯಿಂದ ನಾಲ್ಕು ಬೆರಳು

ಗುಂಡ್ಲುಪೇಟೆಯ ಶಿವರುದ್ರಸ್ವಾಮಿಯ ಮನೆಗೆ ನಾನು ಮೊದಲ ಸಲ ಹೋದದ್ದು ಮುಚ್ಚಂಜೆಯಲ್ಲಿ. ಕರೆಂಟು ಹೋಗಿತ್ತು. ನಡುಮನೆಯ ಗೋಡೆಯಲ್ಲೊಂದು ಕಿಟಕಿ. ಆ ಕಿಟಕಿಯಿಂದ ಮುದುಕಿಯೊಬ್ಬರು ಮುಂದಕ್ಕೆ ಬಾಗಿ ನನ್ನನ್ನೇ ನೋಡುತ್ತಿದ್ದರು. ಹಣೆ ತುಂಬ ವಿಭೂತಿ, ಮುಖದಲ್ಲಿ ನಗುವಿನ ಸುಳಿವಿಲ್ಲ. ಹಿರಿಯರು, ನಾವೇ ಮೊದಲು ಮಾತಾಡಿಸಬೇಕೆಂದು ಕೈ ಮುಗಿದು, "ಊಟ ಆಯ್ತಾ ತಾಯಿ?" ಎಂದೆ.

ಕಾಫಿ ತಂದ ನಾಗರತ್ನಮ್ಮ ಲೋಟವನ್ನು ನನ್ನ ಕೈಗಿಟ್ಟು, "ನಮ್ಮತ್ತೆ. ಓಗಿ ಎರಡು ವರ್ಸಾಯ್ತು. ಕಾಪಿ ಆರೋಯ್ತದೆ, ಕುಡೀರಿ" ಎಂದರು.

ಅದು ಕಿಟಕಿಯಲ್ಲ, ಪಟ. ಆದರೆ ಗೋಡೆಗೆ ಒರಗಿರಬೇಕಾದ ಪಟ ಹೀಗೆ ಬಂದವರ ಮುಖದ ಮೇಲೆ ಬಾಗುವುದೇಕೆ? ಆ ಕಥೆ ಪೂರ್ತಿ ಗೊತ್ತಾಗಲು ನನಗೆ ಮತ್ತೊಂದು ಮಹಾಲಯ ಅಮಾವಾಸ್ಯೆ ಕಳೆಯಬೇಕಾಯಿತು.

ಶಿವರುದ್ರಸ್ವಾಮಿಗೆ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಒಂದು ಭಾನುವಾರ ಚಾಮರಾಜನಗರದ ಕಲ್ಯಾಣ ಮಂಟಪವೊಂದರಲ್ಲಿ 'ದುಡ್ಡು ಉಳಿಸುವ ದಾರಿ' ಎಂಬ ಶಿಬಿರ ನಡೆಯಿತು. ಬೆಳಗ್ಗೆ ಸಾಧಾರಣ ಸಂಸಾರಸ್ಥನಾಗಿ ಬಸ್ಸು ಹತ್ತಿದ ಸ್ವಾಮಿ ಸಂಜೆ ಅರ್ಥಮಂತ್ರಿಯಾಗಿ ಇಳಿದ. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಫೈಲಿನಲ್ಲಿ ಸೂತ್ರಗಳು. ಒಂದೇ ವರ್ಷದಲ್ಲಿ ಊರಿನವರು ತನ್ನ ಮನೆಗೆ ಬಂದು ಹಣಕಾಸು ಕಲಿತುಕೊಂಡು ಹೋಗಬೇಕು, ಹಾಗೆ ಮಾಡುತ್ತೇನೆಂದು ಹೊಸ್ತಿಲಲ್ಲೇ ನಿಂತು ಘೋಷಿಸಿದ. ಮನೆಯೊಳಗಿದ್ದ ಒಬ್ಬಳೇ ಶ್ರೋತೃ, ಹೆಂಡತಿ ನಾಗರತ್ನ, ಕಾಲು ತೊಳೆದುಕೊಂಡು ಬನ್ನಿ ಎಂದಳು.

ಖರ್ಚಾದ ಪ್ರತಿ ರೂಪಾಯಿಯನ್ನೂ ಬರೆಯಬೇಕು. ಏನನ್ನೇ ಕೊಳ್ಳುವ ಮುನ್ನ ಒಂದು ದಿನ ಯೋಚಿಸಬೇಕು. ಈ ಸೂತ್ರದ ಪ್ರಕಾರ ಉಪ್ಪಿನ ಬಗ್ಗೆ ಯೋಚಿಸಿದ ದಿನ ಮನೆಯಲ್ಲಿ ಸಪ್ಪೆ ಸಾರು. ಆಪತ್ಕಾಲಕ್ಕೆಂದು ಒಂದಿಷ್ಟು ಬೇರೆ ತೆಗೆದಿಡಬೇಕು ಎಂಬುದೂ ಇತ್ತು, ಆದರೆ ಅದು ಹಾಳೆಯ ಹಿಂಬದಿಯಲ್ಲಿದ್ದುದರಿಂದ ಸ್ವಾಮಿಯ ಕಣ್ಣಿಗೆ ಬೀಳಲಿಲ್ಲ. ಅವನ ಮನಸ್ಸು ಗೆದ್ದದ್ದು ನಾಲ್ಕನೆಯದು: ಮನೆಯಲ್ಲಿ ಮಲಗಿರುವ ದುಡ್ಡು ಸೋಮಾರಿ, ಅದನ್ನು ಎಬ್ಬಿಸಿ ಕೆಲಸಕ್ಕೆ ಕಳಿಸಿ.

ಎಬ್ಬಿಸಿದ. ಸಾಸಿವೆ ಡಬ್ಬಿಯಲ್ಲಿ ಮಲಗಿದ್ದದ್ದು, ರಾಗಿ ಹಿಟ್ಟಿನ ಡ್ರಮ್ಮಿನ ತಳದಲ್ಲಿ ಮಲಗಿದ್ದದ್ದು, ನಾಗರತ್ನಳ ರೇಷ್ಮೆ ಸೀರೆಯ ಮಡಿಕೆಯಲ್ಲಿ ಮಲಗಿದ್ದದ್ದು, ಎಲ್ಲವೂ ಎದ್ದು ಷೇರಿಗೆ ಹೋದವು. ಕೊನೆಗೆ ಒಂದೆಳೆ ಚಿನ್ನದ ಸರ. ಅದು ಅವನ ಅವ್ವ ಪುಟ್ಟಸಿದ್ದಮ್ಮ ಕೊನೆಗಾಲದಲ್ಲಿ ತನ್ನ ಕೊರಳಿಂದ ತೆಗೆದು ಸೊಸೆಗೆ ಹಾಕಿದ್ದು. "ಇದ ಯಾರ್ಗೂ ಕೊಡ್ಬ್ಯಾಡ ಕಣವ್ವ. ನನ್ ಮಗನ್ಗೂವೆ" ಎಂದಿದ್ದಳು. ಮಗ ಪಕ್ಕದಲ್ಲೇ ಗಂಜಿ ಲೋಟ ಹಿಡಿದು ನಿಂತಿದ್ದ. ಆ ಸರವನ್ನು ಮೂವತ್ತೆಂಟು ಸಾವಿರಕ್ಕೆ ಗಿರವಿ ಇಟ್ಟು ಅದನ್ನೂ ಷೇರಿಗೆ ಹಾಕಿದ.

"ಸರ ಎಲ್ಲಿ?" ಎಂದಳು ನಾಗರತ್ನ.

"ಕೆಲ್ಸಕ್ಕೆ ಓಗ್ಯದೆ."

"ಸಂಬ್ಳ ಯಾವಾಗ ತತ್ತದೆ?"

ಫೈಲನ್ನು ಕಂಕುಳಿಗೇರಿಸಿಕೊಂಡು ಸ್ವಾಮಿ ಅಂಗಡಿಗೆ ಹೊರಟ. ಅಂದಿನಿಂದ ಸ್ವಾಮಿ ಅವ್ವನ ಪಟದ ಕಡೆ ಕಣ್ಣೆತ್ತುವುದನ್ನು ಬಿಟ್ಟ. ದಿನವೂ ಹೂವೇಕೆಂದು ಪ್ಲಾಸ್ಟಿಕ್ ಹಾರ ಹಾಕಿಸಿದ್ದ. ಎಣ್ಣೆ ದೀಪದ ಬದಲು ಮಿಣುಕುವ ಬ್ಯಾಟರಿ ದೀಪ ತಂದಿಟ್ಟಿದ್ದ. ಅದು ಹತ್ತಿದಾಗ ಅವ್ವ ಬರುತ್ತಿದ್ದಳು, ಆರಿದಾಗ ಹೋಗುತ್ತಿದ್ದಳು.

ಒಂದು ಸಂಜೆ ಪಟದ ಕೆಳಗೆ ಕೂತು ಖರ್ಚು ಬರೆಯುತ್ತಿರುವಾಗ ಪುಸ್ತಕದ ಮೇಲೆ ನೆರಳು ಬಿತ್ತು. ತಲೆ ಎತ್ತಿದ. ಎರಡು ಮೊಳೆಗಳ ಮೇಲೆ ಕೂತು ಮೇಲೆ ದಾರಕ್ಕೆ ಸಿಕ್ಕಿಕೊಂಡಿದ್ದ ಪಟ ಗೋಡೆಯಿಂದ ಒಂದು ಬೆರಳಿನಷ್ಟು ಈಚೆ ಬಂದಿತ್ತು. ಮಗ ಏನು ಬರೆಯುತ್ತಿದ್ದಾನೆಂದು ಅವ್ವ ಬಗ್ಗಿ ನೋಡುತ್ತಿದ್ದಳು.

ನೋಡಿದೆಯಾ ಎಂದು ಹೆಂಡತಿಯನ್ನು ಕೇಳಿದ. ಅವಳು ಸೌಟು ಹಿಡಿದೇ ಬಂದು ಪಟವನ್ನೂ ಗಂಡನನ್ನೂ ಒಂದೇ ಸಮ ನೋಡಿದಳು. "ಅತ್ತೆಗೆ ಏನೋ ಕಮ್ಮಿಯಾಗ್ಯದೆ ಕಣ್ರೀ" ಎಂದು ಒಳಗೆ ಹೋದಳು.

ಮಾರನೆಯ ದಿನವೇ ಸ್ವಾಮಿ ಪ್ಲಾಸ್ಟಿಕ್ ಹಾರ ಕಿತ್ತು ನಿಜವಾದ ಹೂವಿಗೆ ದಿನಕ್ಕೆ ಐವತ್ತು ರೂಪಾಯಿ ಮಂಜೂರು ಮಾಡಿದ. ಬ್ಯಾಟರಿ ಹೋಗಿ ತುಪ್ಪದ ದೀಪ ಬಂತು, ತುಪ್ಪಕ್ಕೆ ಬೇರೆ ಹಣ. ಪುಸ್ತಕದಲ್ಲಿ 'ಅವ್ವನ ಶಾಂತಿ' ಎಂದು ಹೊಸ ಶೀರ್ಷಿಕೆ ತೆರೆದ. ತಿಂಗಳು ಕಳೆಯಿತು. ಅವ್ವ ಶಾಂತಳಾಗಲಿಲ್ಲ, ಎರಡು ಬೆರಳಿಗೆ ಬಂದಳು.

ಸೋಮವಾರಕ್ಕೊಂದು ಪೂಜೆ ಎಂದು ಹೆಂಡತಿಯ ಕೈಗೆ ಇನ್ನೂರು ಕೊಟ್ಟ, ಆಮೇಲೆ ಹಣ್ಣುಕಾಯಿ ಸೇರಿಸಿ ಐನೂರು. ಶಾಂತಿಯ ಖರ್ಚು ಏರಿದಂತೆಲ್ಲ ಅವ್ವನೂ ಬಾಗುತ್ತ ಬಂದಳು. ಯುಗಾದಿಯ ಹೊತ್ತಿಗೆ ಎರಡೂವರೆ ಬೆರಳು, ಶ್ರಾವಣಕ್ಕೆ ಮೂರೂವರೆ. ಸ್ವಾಮಿ ನಿಂತಲ್ಲಿ ಕೂತಲ್ಲೆಲ್ಲ ಆ ಕಣ್ಣು ಹಿಂದೆಯೇ ಬರುತ್ತಿತ್ತು. ಅನ್ನದ ತಟ್ಟೆಯನ್ನು ಅಡುಗೆಮನೆಗೆ ಒಯ್ದ. ಅಲ್ಲಿಗೂ ಬಾಗಿಲ ಸಂದಿಯಿಂದ ಅವಳ ಹಣೆಯ ಅರ್ಧ ವಿಭೂತಿ ಕಾಣುತ್ತಿತ್ತು. ಒಮ್ಮೆ ಧೈರ್ಯ ಮಾಡಿ ಅಂಗಡಿಯ ಟೇಪು ಹಿಡಿದು ಸ್ಟೂಲು ಹತ್ತಿದ. ಪಟದ ಹಿಂದಿನಿಂದ ಪರಪರ ಸದ್ದು, ಆಮೇಲೆ ಹಲ್ಲಿಯೊಂದು ಮೂರು ಸಲ ಲೊಚಗುಟ್ಟಿತು. ಸ್ವಾಮಿ ಇಳಿದದ್ದು ಹತ್ತಿದ ದಾರಿಯಲ್ಲಲ್ಲ. ಮೊಣಕಾಲಿನ ಮುಲಾಮು ನೂರಿಪ್ಪತ್ತು ರೂಪಾಯಿ ಎಂದು ಪುಸ್ತಕದಲ್ಲಿದೆ.

ಅತ್ತ ಷೇರು ಕೂತಲ್ಲೇ ಕರಗಿತು. ಗಿರವಿಯವರ ಕಾಗದ ಬಂತು. ಮಹಾಲಯ ಅಮಾವಾಸ್ಯೆ ಕಳೆದ ಸೋಮವಾರದೊಳಗೆ ಹಣ ಕಟ್ಟದಿದ್ದರೆ ಸರ ಹರಾಜು. ಬಡ್ಡಿಯನ್ನು ಹೇಗೋ ತಿಂಗಳು ತಿಂಗಳು ತುಂಬಿದ್ದ. ಅಸಲು ಮೂವತ್ತೆಂಟು ಸಾವಿರ ಎಲ್ಲಿಂದ ತರುವುದು? ಕಾಗದವನ್ನು ಲೆಕ್ಕದ ಪುಸ್ತಕದೊಳಗೆ ಬಚ್ಚಿಟ್ಟ. ಬಚ್ಚಿಡುವಾಗ ಮೇಲೆ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ನೆರಳು ಹಾಳೆಯ ಮೇಲೇ ಇತ್ತು.

ಅಮಾವಾಸ್ಯೆ ಬಂತು, ಅವ್ವ ನಾಲ್ಕು ಬೆರಳಿಗೆ ಬಂದಳು. ಹಿರಿಯರಿಗೆ ಎಡೆ ಇಡಲು ಹರದನಹಳ್ಳಿಯಿಂದ ಅಣ್ಣ ಸೋಮಣ್ಣನೂ ಬಂದ. ಪಟದ ಕೆಳಗೆ ಬಾಳೆ ಎಲೆ ಹಾಸಿ ಕಜ್ಜಾಯ, ಒಬ್ಬಟ್ಟು, ಪಾಯಸ ಬಡಿಸಿದರು. ಹೊಸ ಸೀರೆ, ಅವ್ವನ ಕನ್ನಡಕ, ಎಲೆಯಡಿಕೆ ಚೀಲ, ಸ್ಟೀಲ್ ಲೋಟದಲ್ಲಿ ನೀರು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಹಾಕಿ ಮೂವರೂ ಜಗಲಿಯಲ್ಲಿ ಕೂತರು. ಮಧ್ಯಾಹ್ನದ ಬಿಸಿಲು. ರಸ್ತೆಯಲ್ಲಿ ಊಟಿಯ ಕಾರುಗಳು ಹೋಗುತ್ತಿದ್ದವು.

ಧಡಾರ್ ಎಂದಿತು ಒಳಗೆ.

ಆಮೇಲೆ ಲೋಟ ಉರುಳುವ ಸದ್ದು. ಅದು ನಿಧಾನವಾಗಿ, ಗೊತ್ತಿದ್ದ ದಾರಿಯೆಂಬಂತೆ ಬಾಗಿಲವರೆಗೂ ಬಂದು, ಟಣ್ ಎಂದು ಹಲಗೆಗೆ ತಟ್ಟಿ ನಿಂತಿತು.

ಸೋಮಣ್ಣನ ಬಾಯಲ್ಲಿದ್ದ ಅಡಿಕೆ ಹಾಗೇ ಉಳಿಯಿತು. "ಏನ್ಲಾ ಮಾಡಿದ್ದೀಯೆ ಅವ್ವನ್ಗೆ?" ಎಂದ ಮೆಲ್ಲಗೆ.

ಊರಿಗೆಲ್ಲ ಹಣಕಾಸು ಕಲಿಸಬೇಕಿದ್ದವನು ಬಾಗಿಲಿಗೆ ಹಣೆ ಹಚ್ಚಿಬಿಟ್ಟ. "ಅವ್ವಾ, ನಿನ್ ಸರವ ಮೂವತ್ತೆಂಟು ಸಾವ್ರಕ್ಕೆ ಗಿರವಿ ಇಟ್ಬುಟ್ಟೆ ಕಣವ್ವ. ದುಡ್ಡೆಲ್ಲ ಓಯ್ತು. ಸೋಮವಾರ ಅರಾಜು ಹಾಕ್ತರೆ. ಇನ್ನೊಂದ್ ಸಲ ನಿನ್ ಸೊಸೆ ಡಬ್ಬಿ ಮುಟ್ಟಕಿಲ್ಲ, ಒಳಿಕ್ಕೋಗವ್ವ."

ನಾಗರತ್ನ ಎದ್ದಳು. ಗಂಡನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ ಬಾಗಿಲು ತೆಗೆದಳು.

ದಾರ ಕಡಿದು ಪಟ ಎಡೆಯ ಮೇಲೆ ಬೋರಲಾಗಿ ಬಿದ್ದಿತ್ತು. ಅವ್ವನ ಮುಖ ಪಾಯಸದಲ್ಲಿ. ಸುತ್ತ ಬಾಳೆ ಎಲೆಯ ಮೇಲೆ, ಕಜ್ಜಾಯದ ಮೇಲೆ, ಹೊಸ ಸೀರೆಯ ಮೇಲೆ ನೋಟುಗಳು. ನೂರರದ್ದು, ಐವತ್ತರದ್ದು, ಪಟದ ಹಿಂದಿನ ಹರಿದ ಪ್ಲಾಸ್ಟಿಕ್ ಕವರಿನಿಂದ ಇನ್ನೂ ಒಂದೊಂದೇ ಜಾರುತ್ತಿದ್ದವು. ಆ ರಾಶಿಯ ನಡುವೆ ಹಲ್ಲಿ ತಲೆ ಎತ್ತಿ ಕೂತಿತ್ತು.

ಮೊದಲು ಚೇತರಿಸಿಕೊಂಡವನು ಸೋಮಣ್ಣ. "ಅವ್ವ ನಂಗೂ ಅವ್ವನೇ ಕಣ್ಲಾ. ಅರ್ದ ನಂದು" ಎಂದು ಪಂಚೆ ಎತ್ತಿ ಕಟ್ಟಿದ.

"ಮುಟ್ಬ್ಯಾಡಿ ಬಾವ" ಎಂದಳು ನಾಗರತ್ನ. "ಮೂವತ್ತೆಂಟು ಸಾವ್ರದ ಇನ್ನೂರದೆ. ಮೂವತ್ತೆಂಟು ಸರಕ್ಕೆ. ಇನ್ನೂರು ಪಟಕ್ಕೆ ಗಾಜು ಹಾಕ್ಸಕ್ಕೆ."

ಎಣಿಸದೆಯೇ ಹೇಳಿದಳು. ಸೋಮಣ್ಣ ಅವಳ ಮುಖ ನೋಡಿದ, ಪಟದ ಹಿಂಬದಿ ನೋಡಿದ, ತಮ್ಮನ ಮುಖ ನೋಡಿದ. ನೋಡಿ ಪಂಚೆ ಇಳಿಬಿಟ್ಟು, ಒಂದು ಕಜ್ಜಾಯ ತೆಗೆದುಕೊಂಡು ಜಗಲಿಗೆ ಹೋದ. ಹೂವು ನಾಗರತ್ನಳ ತವರಾದ ಹಂಗಳದ ಹೊಲದಿಂದ ಬಿಟ್ಟಿಯಾಗಿ ಬರುತ್ತಿತ್ತು, ತುಪ್ಪದ ದೀಪ ಉರಿಯುತ್ತಿದ್ದದ್ದು ಕಡಲೆಕಾಯಿ ಎಣ್ಣೆಯಲ್ಲಿ ಎಂಬುದೆಲ್ಲ ಅವನಿಗೂ ಗೊತ್ತಿರಲಿಲ್ಲ. ಆದರೆ ಅವನು ಯಾವ ಶಿಬಿರಕ್ಕೂ ಹೋದವನಲ್ಲ.

ಶಿವರುದ್ರಸ್ವಾಮಿ ಮಾತ್ರ ಕಣ್ಣೀರು ಸುರಿಸುತ್ತ ಪಟ ಎತ್ತಿ, ಅವ್ವನ ಕೆನ್ನೆಯ ಪಾಯಸವನ್ನು ತನ್ನ ಶಲ್ಯದಿಂದ ಒರೆಸಿದ. ಹೆಂಡತಿಯ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ:

"ನಾಗೂ, ಸತ್ತೋದೋರ ಕೈಗೆ ಇಷ್ಟೊಂದು ದುಡ್ಡು ಎಲ್ಲಿಂದ ಬತ್ತದೆ?"

ನಾಗರತ್ನ ಒಂದು ನೂರರ ನೋಟಿಗಂಟಿದ್ದ ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಂಡಳು.

"ನಿಮ್ ಜೇಬಿಂದ."