ಹಲ್ಲಿಗೆ ಸಿಕ್ಕ ಮರ್ಯಾದೆ

ಇಷ್ಟಕ್ಕೆಲ್ಲ ಕಾರಣ ಒಂದು ದವಡೆಹಲ್ಲು. ಪಲ್ಟನ್ನಿಗೆ ಅಡುಗೆ ಮಾಡಿ ನಿವೃತ್ತನಾದ ಅಡುಗೆಯಣ್ಣ ಗುಂಡಿನ ಸದ್ದಿಗೂ ಸೌಟು ಕೆಳಗಿಟ್ಟವನಲ್ಲ. ಹಲ್ಲು ಕೀಳುವ ಇಕ್ಕಳ ಕಂಡರೆ ಮಾತ್ರ ಅವನ ಜೀವ ಬಾಯಿಗೆ ಬರುತ್ತಿತ್ತು. "ಕೀಳಿಸ್ಕೊಂಡೇ ಮನೆಗೆ ಬನ್ನಿ" ಎಂದು ಹೆಂಡತಿ ಬಾಗಿಲು ಹಾಕಿಕೊಂಡಳು.

ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಮೊದಲು ಅಧಿಕಾರಿಗಳಿಗೊಂದು ಬಾಗಿಲು, ಉಳಿದವರಿಗೆ ಹಿಂಬಾಗಿಲು. ಹೊಸ ದಂತವೈದ್ಯೆ ಬಂದವಳೇ ಎಲ್ಲರಿಗೂ ಒಂದೇ ಸಾಲು ಮಾಡಿದ್ದಳು. ಯಾವ ಹುದ್ದೆಯಾಗಲಿ, ಯಾವ ಭಾಷೆಯಾಗಲಿ, ಬಂದ ಸರದಿಯೇ ಸರದಿ. ಅಡುಗೆಯಣ್ಣ ಅವಳನ್ನು ಮನಸಾರೆ ಹರಸಿದ. ಹರಸಿ, ಬೇಕೆಂದೇ ತಡಮಾಡಿ ಬಂದು ಕೊನೆಯಲ್ಲಿ ನಿಂತ. ಸರದಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿದರೆ ಹೆಂಡತಿಗೆ ಹೇಳಲು ನೆಪವಾದರೂ ಸಿಗುತ್ತದಲ್ಲ.

ಮುಂದಿದ್ದವರು ಮೂವರೇ. ಲಾರಿ ಡ್ರೈವರ್ ತಿರುಗಿ ನೋಡಿದ. "ಅಡುಗೆಯಣ್ಣಾ, ನೀನಾ? ಆ ಹಿಮದಲ್ಲಿ ನೀ ಕೊಟ್ಟ ಚಹಾದಿಂದ ಬದುಕಿದೋನು ನಾನು. ಬಾ, ಮುಂದೆ ಬಾ."

"ಬೇಡಪ್ಪಾ, ಸರದಿ ಅಂದ್ರೆ ಸರದಿ."

"ನನ್ನ ಸರದಿ, ನಾನು ಯಾರಿಗಾದ್ರೂ ಕೊಡ್ತೀನಿ."

ನಿವೃತ್ತ ನರ್ಸಮ್ಮ ಕಣ್ಣೊರೆಸಿಕೊಂಡಳು. "ನನ್ನ ವಾರ್ಡಿನ ಗಾಯಾಳುಗಳಿಗೆ ನೀನು ಬೇರೆಯಾಗಿ ಮೆತ್ತಗೆ ಬೇಯಿಸಿ ಕಳಿಸ್ತಿದ್ದೆ ಅಲ್ವೇನಪ್ಪಾ? ಮುಂದೆ ಹೋಗು." ಮೊದಲಿಗಿದ್ದ ಕರ್ನಲ್ ಸಾಹೇಬರಂತೂ ಎದ್ದು ಸೆಲ್ಯೂಟ್ ಹೊಡೆದೇ ಬಿಟ್ಟರು. "ನಿನ್ನ ಋಣ ದೊಡ್ಡದಯ್ಯಾ. ಮೊದ್ಲು ನೀನು."

ಅಡುಗೆಯಣ್ಣನ ಎದೆ ತುಂಬಿ ಬಂತು. ವರ್ಷಗಟ್ಟಲೆ ಹಿಂಬಾಗಿಲಲ್ಲಿ ನಿಂತವನಿಗೆ ಇಷ್ಟು ಮರ್ಯಾದೆ ಸಿಕ್ಕಾಗ, ನನಗೆ ಹೆದರಿಕೆ ಅನ್ನುವುದು ಹೇಗೆ? ಕುರಿಯ ಹಾಗೆ ಒಳಗೆ ಹೋದ.

ಹತ್ತಿ ಕಚ್ಚಿಕೊಂಡು ಹೊರಬಂದಾಗ ಮೂವರೂ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದರು.

"ತುಂಬಾ ನೋವಾಯ್ತಾ?" ಕರ್ನಲ್ ಸಾಹೇಬರ ದನಿ ನಡುಗುತ್ತಿತ್ತು.

"ಇಕ್ಕಳ ಎಷ್ಟುದ್ದ ಇದೆ?" ಎಂದ ಡ್ರೈವರ್.

"ಬೆಳಿಗ್ಗೆಯಿಂದ ಬಂದೋರಿಗೆಲ್ಲಾ ಜಾಗ ಬಿಡ್ತಾನೇ ಇದ್ದೀವಿ ಕಣಪ್ಪಾ," ನರ್ಸಮ್ಮ ಒಪ್ಪಿಕೊಂಡಳು. "ಋಣ ಇರೋದೂ ನಿಜ, ಹೆದರಿಕೆ ಇರೋದೂ ನಿಜ."

ಹುದ್ದೆ ಬೇರೆ, ಭಾಷೆ ಬೇರೆ, ದೇವರು ಬೇರೆ. ಇಕ್ಕಳದ ಮುಂದೆ ಎಲ್ಲರೂ ಒಂದೇ. ಅಡುಗೆಯಣ್ಣನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಪ್ರೀತಿಯೇ ಉಕ್ಕಿತು. ನಗಬೇಕೆನಿಸಿದರೂ ಮರಗಟ್ಟಿದ ತುಟಿ ಏಳಲಿಲ್ಲ.

ವೈದ್ಯೆ ಹೊರಗೆ ಇಣುಕಿದಳು. "ಇವತ್ತಿಗೆ ಹೊತ್ತಾಯ್ತು. ಉಳಿದವರು ನಾಳೆ ಬನ್ನಿ. ಅಡುಗೆಯಣ್ಣಾ, ಆ ಕಡೆ ಹಲ್ಲೂ ಹುಳುಕಾಗಿದೆ, ಅದನ್ನ ಮುಂದಿನ ವಾರ ಕೀಳೋಣ."

ಮೂವರ ಮುಖವೂ ಅರಳಿತು.

"ನಾಳೆ ಬೇಡ ಡಾಕ್ಟ್ರಮ್ಮಾ," ಎಂದರು ಕರ್ನಲ್ ಸಾಹೇಬರು. "ನಾವೂ ಮುಂದಿನ ವಾರಾನೇ ಬರ್ತೀವಿ. ಇವನನ್ನ ಬಿಟ್ಟು ಮುಂದೆ ಹೋಗೋಕೆ ನಮಗೆ ಮನಸ್ಸು ಬರಲ್ಲ."